ಇನಾಜು ಶಿಗೆಯ ಚೀಟಿಗಳು

ಸಿಟ್ಟು ಬಂದರೆ ಇನಾಜು ಶಿಗೆ ಪೆನ್ಸಿಲ್ ಹೆರೆಯುತ್ತಿದ್ದಳು. ಹನ್ನೊಂದು ವರ್ಷ ಅವಳ ಎದುರಿನ ಮೇಜಿನಲ್ಲಿ ಕೂತು ಕರಡು ತಿದ್ದಿದವಳು ನಾನು. ಅಷ್ಟು ವರ್ಷಗಳಲ್ಲಿ ಅವಳ ಮೇಜಿನ ಮೇಲೆ ಮೊಂಡಾದ ಪೆನ್ಸಿಲ್ ಕಂಡ ನೆನಪಿಲ್ಲ.

ನಮ್ಮದು ಕ್ಯೋತೊದ ಕರಸುಮಾ ಬೀದಿಯ ಹಿಂದಿನ ಓಣಿಯಲ್ಲಿದ್ದ ಸಣ್ಣ ಪ್ರಕಾಶನ. 1966ರಲ್ಲಿ ಅದು ತನ್ನ ಶಕ್ತಿಗೆ ಮೀರಿದ ಕೆಲಸಕ್ಕೆ ಕೈ ಹಾಕಿತು. ಅರಗಿನ ಕೆಲಸದವರು, ಕುಂಬಾರರು, ನೇಕಾರರು, ಬಣ್ಣಗಾರರು, ಬೊಂಬೆ ಮಾಡುವವರು, ಹೀಗೆ ಮುನ್ನೂರು ವರ್ಷಗಳಲ್ಲಿ ದೇಶದಲ್ಲಿ ಹೆಸರು ಮಾಡಿದ ಕಲಾವಿದರನ್ನೆಲ್ಲ ಒಂದೇ ನಾಮಕೋಶದಲ್ಲಿ ಅಕ್ಷರ ಕ್ರಮದಲ್ಲಿ ಕೂರಿಸುವುದು. ಪ್ರಧಾನ ಸಂಪಾದಕರು ಪ್ರೊಫೆಸರ್ ತನಿಮುರಾ. ಅವರು ಗುರುವಾರ ಬಂದು, ಚಹಾ ಕುಡಿದು, ಬರೆದಿದ್ದರಲ್ಲಿ ಅರ್ಧ ಹೊಡೆದುಹಾಕಿ ಹೋಗುತ್ತಿದ್ದರು. ಉಳಿದ ಐದು ದಿನ ಮಾಹಿತಿ ಹುಡುಕಿ ಚೀಟಿ ಬರೆಯುವವಳು ಶಿಗೆ.

ಅವಳಿಗೆ ಆಗ ನಲವತ್ತೇಳು. ಗಂಡ ಯುದ್ಧದಿಂದ ವಾಪಸು ಬಂದಿರಲಿಲ್ಲ. ಹೆಚ್ಚು ಓದಿದವಳೂ ಅಲ್ಲ. ಆದರೆ ಹೊರಿಕಾವಾದ ಬಣ್ಣದ ಕಾರ್ಖಾನೆಯಲ್ಲಿ ಅವಳಪ್ಪ ಬಟ್ಟೆಗೆ ಅಚ್ಚಿನ ಮೂಲಕ, ಬಣ್ಣ ಹಿಡಿಯದಂತೆ ತಡೆಯುವ ಅಂಟು ಬಳಿಯುವ ಕೆಲಸ ಮಾಡುತ್ತಿದ್ದ. ಏಳನೇ ವಯಸ್ಸಿಂದ ಆ ಅಚ್ಚುಗಳನ್ನು ತೊಟ್ಟಿಯಲ್ಲಿ ತೊಳೆದವಳು ಅವಳು. ಕಾಕಿ ಎಂಬ ಹಣ್ಣಿನ ಒಗರು ರಸ ಕುಡಿಸಿ, ಹೊಗೆ ಹಾಕಿ ಗಟ್ಟಿ ಮಾಡಿದ ಕಂದು ಕಾಗದ. ಅದರಲ್ಲಿ ಉಳಿಯಿಂದ ಕೊರೆದ ಸಾವಿರಾರು ತೂತುಗಳು. ಇಂಥ ಕೊರೆಯಚ್ಚು ಯಾವುದೇ ಇರಲಿ, ಬೆಳಕಿಗೆ ಹಿಡಿದರೆ ಸಾಕು, ಅದು ಯಾವ ಊರಿನದು, ಎಷ್ಟು ವರ್ಷದ್ದು ಎಂದು ಶಿಗೆ ಹೇಳುತ್ತಿದ್ದಳು. ಪ್ರೊಫೆಸರರು ಅದನ್ನು ಮೆಚ್ಚುತ್ತಿದ್ದರು. ಮೆಚ್ಚಿ, "ಆದರೆ ದಾಖಲೆ ಎಲ್ಲಿ?" ಎನ್ನುತ್ತಿದ್ದರು.

ನಾಮಕೋಶಕ್ಕೆ ಸೇರಬೇಕಾದರೆ ನಾಲ್ಕು ಸಂಗತಿ ಬೇಕಿತ್ತು. ಹೆಸರು ಮತ್ತು ಅದನ್ನು ಓದುವ ರೀತಿ, ಹುಟ್ಟು ಸಾವಿನ ವರ್ಷ, ಗುರು ಯಾರು, ಸಹಿ ಇರುವ ಕೃತಿ ಎಲ್ಲಿದೆ. ಹೇಳುವುದಕ್ಕೆ ಸುಲಭ. ಒಬ್ಬ ಕುಂಬಾರ ಐವತ್ತಕ್ಕೆ ಹೆಸರು ಬದಲಿಸುತ್ತಾನೆ, ಅರವತ್ತಕ್ಕೆ ಇನ್ನೊಮ್ಮೆ ಬದಲಿಸುತ್ತಾನೆ. ಅವನು ಬಿಟ್ಟ ಹೆಸರನ್ನು ಮಗ ಇಟ್ಟುಕೊಳ್ಳುತ್ತಾನೆ, ಮಗ ಸತ್ತರೆ ಅಳಿಯ ಇಟ್ಟುಕೊಳ್ಳುತ್ತಾನೆ. ಮೂರು ತಲೆಮಾರಿನ ಐದು ಜನ ಒಂದೇ ಮುದ್ರೆ ಒತ್ತಿ ಕೂತಿರುತ್ತಾರೆ. ಅವರನ್ನು ಬಿಡಿಸಿ ಬೇರೆ ಮಾಡುವಷ್ಟರಲ್ಲಿ ಶಿಗೆಯ ಒಂದು ಚಳಿಗಾಲ ಕಳೆದಿರುತ್ತಿತ್ತು. ಮನೆತನದವರಿಗೆ ಪತ್ರ ಬರೆದರೆ, "ನಮ್ಮ ಪೂರ್ವಜರ ವಿಚಾರದಲ್ಲಿ ತಾವು ತೋರಿದ ಆಸಕ್ತಿಗೆ ಋಣಿ" ಎಂದು ಎರಡು ಹಾಳೆ ವಿನಯ ಬರೆದು, ಕೇಳಿದ ಒಂದು ಪ್ರಶ್ನೆಗೂ ಉತ್ತರ ಕೊಡುತ್ತಿರಲಿಲ್ಲ.

ಅವಳ ಹತ್ತಿರ ಒಂದು ಹರಿದ ಅಚ್ಚು ಇತ್ತು, ಅಪ್ಪನದು. ಮೀನಿನ ಚರ್ಮದ ಹಾಗೆ ಕಮಾನು ಕಮಾನಾಗಿ ಸಣ್ಣ ಚುಕ್ಕಿಗಳು. ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ನೂರಕ್ಕೂ ಹೆಚ್ಚು ತೂತು. "ಇದು ಎಡಗೈಯವನ ಅಚ್ಚು. ಅಂಟು ಇದರಲ್ಲಿ ನೀರಿನ ಹಾಗೆ ಇಳಿಯುತ್ತೆ" ಎಂದು ಅಪ್ಪ ಹೇಳುತ್ತಿದ್ದನಂತೆ. ಎಡಗೈಯವನು ಯಾರು ಎಂದು ಅಪ್ಪನಿಗೂ ಗೊತ್ತಿರಲಿಲ್ಲ. ಕೊರೆಯುವವರು ಅಚ್ಚಿಗೆ ಸಹಿ ಹಾಕುವುದಿಲ್ಲ. ಅಂಚಿನಲ್ಲಿ ಇರುವುದು ಅದನ್ನು ಕೊಂಡು ಮಾರುವ ವ್ಯಾಪಾರಿಯ ಮುದ್ರೆ.

ಅರ್ಧಚಂದ್ರದ ಬಾಯಿಯ ಉಳಿಯನ್ನು ಕಾಗದದ ಮೇಲೆ ನಿಲ್ಲಿಸಿ ಬೆರಳಲ್ಲಿ ತಿರುಗಿಸಿದರೆ ದುಂಡನೆಯ ತೂತು ಬೀಳುತ್ತದೆ. ತಿರುವು ಮುಗಿಯುವ ಕಡೆ ಕೂದಲಿನಷ್ಟು ಸಣ್ಣ ಗೀರು ಉಳಿಯುತ್ತದೆ. ಎಲ್ಲರ ಅಚ್ಚಿನಲ್ಲೂ ಅದು ಒಂದು ಬದಿಗೆ ಇದ್ದರೆ, ಅಪ್ಪನ ಅಚ್ಚಿನಲ್ಲಿ ಇನ್ನೊಂದು ಬದಿಗೆ ಇತ್ತು. ಶಿಗೆ ಭೂತಗನ್ನಡಿ ಹಿಡಿದು ಬಣ್ಣಗಾರರ ಉಗ್ರಾಣಗಳನ್ನು ಸುತ್ತಿದಳು. ನಾಲ್ಕು ವರ್ಷದಲ್ಲಿ ಅದೇ ಕೈಯ ಐವತ್ತಮೂರು ಅಚ್ಚುಗಳು ಸಿಕ್ಕವು. ಅವುಗಳಲ್ಲಿ ಇಪ್ಪತ್ತು ಬಣ್ಣಗಾರ ಹಿರೋಸೆ ಗೆನ್ಸುಯಿ ಬಳಸಿದವು. ಗೆನ್ಸುಯಿ ಅಂದರೆ ಸಣ್ಣ ಹೆಸರಲ್ಲ. ನಮ್ಮ ಕೋಶದಲ್ಲಿ ಅವನಿಗೆ ನಲವತ್ತು ಸಾಲು ಮೀಸಲಾಗಿತ್ತು.

ಕೊರೆಯುವವರ ಊರು ಸಮುದ್ರದ ಪಕ್ಕದ ಶಿರೊಕೊ. ಅಲ್ಲಿನ ವ್ಯಾಪಾರಿಗಳಿಗೆಲ್ಲ ಶಿಗೆ ಬರೆದಳು. ಒಂಬತ್ತು ತಿಂಗಳ ಮೇಲೆ ಒಬ್ಬನಿಂದ ಒಂದು ಕಾರ್ಡು ಬಂತು. ಅದರಲ್ಲಿ ಒಂದು ಹೆಸರು ಬಿಟ್ಟು ಬೇರೇನೂ ಇರಲಿಲ್ಲ. ಮನೆಹೆಸರಿಗೆ ಎರಡು ಅಕ್ಷರ, ಆಮೇಲೆ ತೊಕುಮಾತ್ಸು.

ಆ ದಿನ ಅವಳು ಪೆನ್ಸಿಲ್ ಹೆರೆಯಲಿಲ್ಲ. ಇಡೀ ಕೋಣೆಗೆ ಕೆಂಪು ಕಾಳಿನ ಸಿಹಿ ಕಡುಬು ತಂದು ಹಂಚಿದಳು. ಸಂತೋಷ ಒಂದು ವಾರ ಉಳಿಯಿತು. ನಮ್ಮ ಲಿಪಿಯಲ್ಲಿ ಒಂದೇ ಅಕ್ಷರವನ್ನು ಹಲವು ರೀತಿ ಓದಬಹುದು.

"ಸುಗಾನೊ, ಇಲ್ಲಿ ನೋಡೇ" ಎಂದು ಮೂರು ಕಾಗದಗಳನ್ನು ನನ್ನ ಕರಡಿನ ಮೇಲೆ ಎಸೆದಳು. "ಎರಡೇ ಎರಡು ಅಕ್ಷರ. ಊರ ಕಚೇರಿಯವರು ಕಮಿಶಿರೊ ಅಂತ ಓದ್ತಾರೆ. ದೇವಸ್ಥಾನದವರು ಕುಮಾಶಿರೊ ಅಂತಾರೆ. ಕಾರ್ಡು ಬರೆದನಲ್ಲ ಆ ಪುಣ್ಯಾತ್ಮ, ಅವನು ಕೋಜಿರೊ ಅಂತಾನೆ!"

"ಯಾವುದೋ ಒಂದು ಹಾಕ್ಬಿಡು."

"ಯಾವುದೋ ಒಂದು ಹಾಕಿದ್ರೆ ಯಾವುದೋ ಒಂದು ಪುಟಕ್ಕೆ ಹೋಗ್ತಾನೆ. ಹುಡುಕೋರು ಇನ್ನೊಂದು ಪುಟ ತೆಗೀತಾರೆ. ಅಲ್ಲಿ ಇಲ್ಲ ಅಂದ್ರೆ ಅವನೇ ಇಲ್ಲ ಅಂತ ಲೆಕ್ಕ. ಬಾ, ಹೋಗಿ ಕೇಳೋಣ."

"ಯಾರನ್ನ? ಬದುಕಿದಾನಾ?"

"ಸತ್ತಿದಾನೆ ಅಂತ ಯಾರೂ ಬರೆದಿಲ್ಲವಲ್ಲ."

ಮೇ ತಿಂಗಳ ಒಂದು ಶನಿವಾರ ನಾವಿಬ್ಬರೂ ರೈಲಿನಲ್ಲಿ ಹೋದೆವು. ಮನೆ ಹುಡುಕುವುದು ಕಷ್ಟವಾಗಲಿಲ್ಲ. ತೊಕುಮಾತ್ಸು ಅಜ್ಜನಿಗೆ ಎಪ್ಪತ್ತೊಂದಾಗಿತ್ತು. ಜಗಲಿಯ ಮೇಲೆ ಕೂತು ಮೀನಿನ ಬಲೆ ಹೊಲಿಯುತ್ತಿದ್ದ. ಸೂಜಿ ಎಡಗೈಯಲ್ಲಿತ್ತು. ಅದನ್ನು ನೋಡಿ ಶಿಗೆ ನನ್ನ ತೋಳು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಮರುದಿನವೂ ನೋಯುತ್ತಿತ್ತು.

ಅವಳು ಮಂಡಿಯೂರಿ ತಲೆಬಾಗಿ ನಮಸ್ಕರಿಸಿದಳು. ಅಪ್ಪನ ಅಚ್ಚನ್ನು ಬಟ್ಟೆಯಿಂದ ಬಿಚ್ಚಿ ಮುಂದಿಟ್ಟಳು. ಅಜ್ಜ ಅದನ್ನು ಬೆಳಕಿಗೆ ಹಿಡಿದು ನೋಡಿದ.

"ಹ್ಞೂಂ, ನಂದೇ. ಈ ಮೂಲೇಲಿ ನೋಡು, ಮೂರು ತೂತು ದಪ್ಪ ಆಗಿದೆ. ಅವತ್ತು ಹಲ್ಲುನೋವು." ಅಚ್ಚನ್ನು ವಾಪಸು ಕೊಟ್ಟ. "ಇದನ್ನ ಇನ್ನೂ ಇಟ್ಕೊಂಡಿದೀಯಾ? ಹರಿದ ಮೇಲೆ ಒಲೆಗೆ ಹಾಕ್ತಾರೆ ತಾಯಿ. ಚೆನ್ನಾಗಿ ಉರಿಯುತ್ತೆ."

ಯುದ್ಧವಾದ ಮೇಲೆ ಅಚ್ಚಿಗೆ ಗಿರಾಕಿ ಕಡಿಮೆಯಾಗಿ, ಅವನು ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಗೆ ಸೇರಿ, ಅಲ್ಲಿಂದಲೂ ನಿವೃತ್ತನಾಗಿದ್ದ. ಗುರು ಯಾರು ಎಂದರೆ, "ಅಪ್ಪ ಹೊಡೀತಿದ್ದ, ಚಿಕ್ಕಪ್ಪ ತೋರಿಸ್ತಿದ್ದ" ಎಂದ. ಎಷ್ಟು ಅಚ್ಚು ಕೊರೆದಿರಿ ಎಂದರೆ ನಕ್ಕ. ಹಿರೋಸೆ ಗೆನ್ಸುಯಿ ಗೊತ್ತೇ ಎಂದರೆ ಕೇಳಿಯೇ ಇಲ್ಲ ಎಂದ. ಕೊನೆಗೆ ಶಿಗೆ ಬಂದ ಕೆಲಸ ಕೇಳಿದಳು.

"ಅಜ್ಜಾ, ನಿಮ್ಮ ಮನೆಹೆಸರು ಹೇಗೆ ಓದೋದು?"

"ಹೇಗೆ ಬೇಕಾದ್ರೂ ಓದು. ಶಾಲೇಲಿ ಮೇಷ್ಟ್ರು ಕಮಿಶಿರೊ ಅಂತಿದ್ರು. ಸೈನ್ಯದಲ್ಲಿ ಜಿಂದಾಯಿ ಅಂತ ಕೂಗ್ತಿದ್ರು, ಅದಕ್ಕೂ ಓ ಅಂತಿದ್ದೆ. ಹಳಬರು ಕೋಜಿರೊ ಅಂತಾರೆ."

"ನಾಲ್ಕಾಯ್ತಲ್ಲೇ" ಎಂದು ನಾನು ಗೊಣಗಿದೆ. ಶಿಗೆಯ ಮುಖ ಕೆಂಪಾಯಿತು.

"ನಿಮ್ಮಮ್ಮ ಏನಂತಿದ್ರು?"

"ಅಮ್ಮ 'ಏಯ್' ಅಂತಿದ್ಲು."

"ಅಜ್ಜಾ, ದಯವಿಟ್ಟು. ಪುಸ್ತಕದಲ್ಲಿ ಒಂದೇ ಕಡೆ ಹಾಕೋದಕ್ಕೆ ಆಗೋದು."

"ಎಲ್ಲಿ ಖಾಲಿ ಇದ್ಯೋ ಅಲ್ಲಿ ಹಾಕಮ್ಮ. ನಾನೇನು ಅಲ್ಲಿ ಮಲಗೋಕೆ ಬರ್ತೀನಾ?"

ಅವನ ಹೆಂಡತಿ ಚಿಪ್ಪುಮೀನಿನ ಸಾರು, ಅನ್ನ ಇಟ್ಟಳು. ಶಿಗೆ ಅನ್ನವನ್ನು ಕಡ್ಡಿಯಿಂದ ಕೆದಕುತ್ತಿದ್ದಳೇ ಹೊರತು ತಿನ್ನಲಿಲ್ಲ. ಹೊರಡುವ ಹೊತ್ತಿಗೆ ಆ ಹೆಂಡತಿಯೇ ಬಾಗಿಲ ಬಳಿ ಮೆಲ್ಲಗೆ, "ಮದುವೆಯಾಗಿ ಬಂದಾಗ ಅತ್ತೆ ನನಗೆ ಕುಮಾಶಿರೊ ಅಂತ ಹೇಳಿಕೊಟ್ರು" ಎಂದಳು. ಅಷ್ಟು ಸಾಕಾಗಿತ್ತು. ರೈಲಿನಲ್ಲಿ ಶಿಗೆ ಮಡಿಲ ಮೇಲೆ ಚೀಟಿ ಇಟ್ಟು ಬರೆದಳು: ಕುಮಾಶಿರೊ ತೊಕುಮಾತ್ಸು. ಹನ್ನೊಂದು ಸಾಲು.

ಗುರುವಾರ ಪ್ರೊಫೆಸರ್ ಆ ಚೀಟಿಯನ್ನು ಎರಡು ಸಲ ಓದಿದರು. ಅವರು ಕೆಟ್ಟವರಲ್ಲ. ಅದೇ ನನಗೆ ಹೆಚ್ಚು ಬೇಸರ ತರಿಸುವುದು. ಕೆಟ್ಟವರಾಗಿದ್ದರೆ ಜಗಳ ಆಡಬಹುದಿತ್ತು.

"ಇನಾಜು ಅವರೇ, ಕೆಲಸ ಬಹಳ ಚೆನ್ನಾಗಿ ಮಾಡಿದೀರಿ. ಆದರೆ ಇದು ಕಲಾವಿದರ ಕೋಶ. ಕೆಲಸಗಾರರ ಪಟ್ಟಿ ಅಲ್ಲ."

"ಗೆನ್ಸುಯಿಗೆ ನಲವತ್ತು ಸಾಲು ಕೊಟ್ಟಿದೀರಿ ಗುರುಗಳೇ. ಅವರ ಹೆಸರು ಬಂದಿದ್ದೇ ಆ ಚುಕ್ಕಿ ಬಟ್ಟೆಗಳಿಂದ. ಆ ಚುಕ್ಕಿ ಪೂರ್ತಿ ಇವರದು."

"ಗೆನ್ಸುಯಿ ಸಹಿ ಹಾಕಿದಾರೆ."

"ಸಹಿ ಹಾಕೋಕೆ ಇವರಿಗೆ ಜಾಗ ಯಾರು ಕೊಟ್ರು? ಅಂಚಿನಲ್ಲಿ ವ್ಯಾಪಾರಿ ಮುದ್ರೆ ಹೊಡೀತಾನೆ."

"ಪ್ರದರ್ಶನ? ಪ್ರಶಸ್ತಿ? ಸರ್ಕಾರ ಬಿರುದು ಕೊಟ್ಟ ಕೊರೆಯುವವರು ಹೇಗೂ ಇದಾರೆ ನಮ್ಮಲ್ಲಿ. ಗುರುವಿನ ಹೆಸರಿರೋ ಕಡೆ ನೀವು 'ಅಪ್ಪ, ಚಿಕ್ಕಪ್ಪ' ಅಂತ ಬರೆದಿದೀರಿ. ಇವರನ್ನ ಸೇರಿಸಿದ್ರೆ ಉಳಿದ ಸಾವಿರ ಜನರಿಗೆ ಏನು ಹೇಳೋಣ?"

"ಸೇರಿಸೋಣ."

ಪ್ರೊಫೆಸರ್ ನಕ್ಕರು. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡರು. ಕೆಂಪು ಪೆನ್ನಿನಿಂದ ಒಂದು ಗೆರೆ ಎಳೆದು, ಗೆನ್ಸುಯಿಯ ನಲವತ್ತು ಸಾಲಿನ ಕೊನೆಗೆ ತಮ್ಮ ಸುಂದರವಾದ ಅಕ್ಷರದಲ್ಲಿ ಒಂದು ವಾಕ್ಯ ಸೇರಿಸಿದರು: 'ಅಚ್ಚುಗಳನ್ನು ಶಿರೊಕೊ ಊರಿನಿಂದ ತರಿಸಿಕೊಳ್ಳುತ್ತಿದ್ದರು.' ಊರಿಗೆ ಹೆಸರಿತ್ತು. ಮನುಷ್ಯನಿಗೆ ಇರಲಿಲ್ಲ. ಶಿಗೆ ಆ ಮಧ್ಯಾಹ್ನ ಆರು ಪೆನ್ಸಿಲ್ ಹೆರೆದು ಮುಗಿಸಿದಳು.

ಹಾಗಂತ ಅವಳು ಸುಮ್ಮನಾಗಲಿಲ್ಲ. ಕೋಶದ ಕೊನೆಯ ಸೂಚಿ ಅವಳದೇ ಕೆಲಸವಾಗಿತ್ತು. ಹೆಸರು ಓದಲು ಬಾರದವರು ಅಕ್ಷರದ ಗೆರೆಗಳನ್ನು ಎಣಿಸಿ ಹುಡುಕುವ ಅರುವತ್ತು ಪುಟದ ಸೂಚಿ ಅದು. ಪ್ರೊಫೆಸರ್ ಅದನ್ನು ಎಂದೂ ಓದುತ್ತಿರಲಿಲ್ಲ. ಆ ಸೂಚಿಯ ಕರಡು ನನ್ನ ಕೈಗೆ ಬಂದಾಗ ಒಂಬತ್ತನೇ ಹಾಳೆಯಲ್ಲಿ ತೊಕುಮಾತ್ಸು ಕೂತಿದ್ದ. ಕಮಿಶಿರೊ, ಕುಮಾಶಿರೊ, ಕೋಜಿರೊ ಎಂದು ಒಂದರ ಕೆಳಗೊಂದು ಮೂರು ಸಾಲು, ಮೂರಕ್ಕೂ ಎದುರಿಗೆ ಗೆನ್ಸುಯಿಯ ಪುಟದ ಸಂಖ್ಯೆ.

"ಶಿಗೆ, ಆ ಪುಟದಲ್ಲಿ ಇವನ ಹೆಸರೇ ಇಲ್ಲವಲ್ಲೇ."

"ಕೆಲಸ ಇದೆಯಲ್ಲ."

"ಸೂಚಿ ನೋಡಿ ಪುಟ ತೆಗೆದೋರು ಬಯ್ತಾರೆ."

"ಬಯ್ಯಲಿ. ಬಯ್ಯೋಕಾದ್ರೂ ಇವನ ಹೆಸರು ಹೇಳ್ಬೇಕಲ್ಲ."

ನಾನು ತಿದ್ದಲಿಲ್ಲ. ತಿದ್ದುವುದೇ ನನ್ನ ಉದ್ಯೋಗವಾಗಿತ್ತು. ಆ ಒಂದು ಹಾಳೆಯನ್ನು ಹಾಗೇ ಮುದ್ರಣಕ್ಕೆ ಕಳಿಸಿದೆ.

1974ರ ವಸಂತದಲ್ಲಿ ನಾಮಕೋಶ ಹೊರಬಂತು. ಕಪ್ಪು ಬಟ್ಟೆಯ ರಟ್ಟು, ಬೆನ್ನಿನ ಮೇಲೆ ಪ್ರೊಫೆಸರ್ ತನಿಮುರಾ ಹೆಸರು. ಎರಡು ಪತ್ರಿಕೆ ಹೊಗಳಿದವು. ಬೇಸಿಗೆಯಲ್ಲಿ ದೂರುಗಳು ಶುರುವಾದವು. ಓದುಗರಷ್ಟು ಶ್ರದ್ಧೆ ಇರುವವರು ಯಾರೂ ಇಲ್ಲ. ಒಬ್ಬ ನಿವೃತ್ತ ಶಾಲಾ ಮೇಷ್ಟ್ರು, ಒಂದು ವಸ್ತುಸಂಗ್ರಹಾಲಯ, ಒಬ್ಬ ಪುಸ್ತಕದಂಗಡಿಯವನು: ಸೂಚಿಯಲ್ಲಿ ಇಂಥವನ ಹೆಸರಿದೆ, ಹೇಳಿದ ಪುಟದಲ್ಲಿ ಇಲ್ಲ, ಮುದ್ರಣದೋಷ ಸರಿಪಡಿಸಿ. ಪ್ರೊಫೆಸರ್ ಶಿಗೆಯನ್ನು ಕರೆದರು. ಒಳಗೆ ಏನು ಮಾತಾಯಿತೋ ಗೊತ್ತಿಲ್ಲ. ಹೊರಗೆ ಬಂದವಳ ಕೈಯಲ್ಲಿ ಮುದ್ರಣದ ತಪ್ಪು ತಿದ್ದುವ ಒಪ್ಪೋಲೆಯ ನಮೂನೆ ಇತ್ತು. ಅಂಗೈ ಅಗಲದ ಹಾಳೆಯಲ್ಲಿ ಮೂರು ಸಾಲು. ಮೂರೂ ಸಾಲಿನಲ್ಲಿ ಅವನ ಹೆಸರು, ಎದುರಿಗೆ 'ತೆಗೆದುಹಾಕುವುದು'. ಇನ್ನೂ ಮಾರಾಟವಾಗದ ಒಂಬೈನೂರು ಪ್ರತಿಗಳಿಗೆ ಅದನ್ನು ಅಂಟಿಸುವ ಕೆಲಸವನ್ನೂ ಅವಳಿಗೇ ವಹಿಸಿದರು.

"ಹಾಕಿದ ತಪ್ಪಿಗೆ ಕೀಳೋ ಕೆಲಸಾನೂ ನಂದೇ" ಎಂದಳು. ನಾನೂ ಕುಂಚ ಹಿಡಿದು ಪಕ್ಕದಲ್ಲಿ ಕೂತೆ. ಉಗ್ರಾಣದಲ್ಲಿ ಸೆಕೆ. ನಾಲ್ಕು ದಿನ ಅಂಟಿಸಿದೆವು. ಮೂರನೇ ದಿನ ಅವಳು ಕುಂಚವನ್ನು ಬಟ್ಟಲಿಗೆ ಎಸೆದು ಅತ್ತಳು. ದುಃಖದ ಅಳುವಲ್ಲ ಅದು. ಬಾಗಿಲ ಸಂದಿಗೆ ಬೆರಳು ಸಿಕ್ಕವರು ಅಳುತ್ತಾರಲ್ಲ, ಹಾಗೆ. ಆಮೇಲೆ ಮುಖ ತೊಳೆದು ಬಂದು ಮತ್ತೆ ಅಂಟಿಸಿದಳು.

1977ರಲ್ಲಿ ಕೆಲಸ ಬಿಟ್ಟಳು. ಬಿಡುವಾಗ ಚೀಟಿಗಳನ್ನು ಕೇಳಿದಳು. ತೊಕುಮಾತ್ಸುವಿನ ಹಾಗೇ ಅವಳು ಹುಡುಕಿ ಬರೆದಿದ್ದ, ಕೋಶಕ್ಕೆ ಬೇಡವೆಂದು ಹೊಡೆದುಹಾಕಿದ, ಬೇರೆ ಕೊರೆಯುವವರ ಚೀಟಿಗಳೂ ಸೇರಿ ಮೂರು ಸೆಳೆಖಾನೆ ತುಂಬ ಇದ್ದವು. ವ್ಯವಸ್ಥಾಪಕ, "ಅವು ಸಂಸ್ಥೆಯ ಆಸ್ತಿ" ಎಂದ. "ಬೇಡದ ಆಸ್ತಿ ಅಲ್ವಾ?" ಎಂದರೆ, "ಬೇಡದಿದ್ದರೂ ಆಸ್ತಿಯೇ" ಎಂದ. ಅವು ಅಲ್ಲೇ ಧೂಳು ತಿನ್ನುತ್ತ ಉಳಿದವು. ಆ ಮೇಲೆ ನಾನು ಎಂಟು ತಿಂಗಳು ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಒಂದು ಕೈಯಲ್ಲಿ ಅನ್ನದ ಉಂಡೆ ಹಿಡಿದು, ಒಂದೊಂದೇ ಚೀಟಿ ನಕಲು ಮಾಡಿದೆ. ಅದು ಕಳ್ಳತನವೋ ಏನೋ ನನಗೆ ತಿಳಿಯದು. ತಿಳಿದುಕೊಳ್ಳುವ ಆಸೆಯೂ ಇರಲಿಲ್ಲ.

ಆ ನಕಲುಗಳಿಂದ ಶಿಗೆ ತನ್ನದೇ ಪುಸ್ತಕ ಮಾಡಿದಳು. ಪುಸ್ತಕ ಎಂದರೆ, ಮೇಣದ ಹಾಳೆಯ ಮೇಲೆ ಕೈಯಲ್ಲಿ ಬರೆದು, ಮಸಿ ಉರುಳೆಯಿಂದ ತೆಗೆದ ನಲವತ್ತಾರು ಪುಟ. 'ಶಿರೊಕೊ ಕೊರೆಯುವವರ ಹೆಸರುಗಳು'. ನೂರಹದಿನೆಂಟು ಜನ. ಹುಟ್ಟಿದ ವರ್ಷ ಗೊತ್ತಿಲ್ಲದವರನ್ನೂ, ಹೆಸರನ್ನು ನಾಲ್ಕು ರೀತಿ ಓದುವವರನ್ನೂ ಬಿಟ್ಟಿರಲಿಲ್ಲ. ಇನ್ನೂರು ಪ್ರತಿ. ಗ್ರಂಥಾಲಯಗಳಿಗೆ ಉಚಿತವಾಗಿ ಕಳಿಸಿದಳು. ಬಹಳಷ್ಟು ಕಡೆಯಿಂದ ಉತ್ತರ ಇಲ್ಲ. ಎರಡು ಕಡೆಯಿಂದ ವಾಪಸು ಬಂತು. ಒಂದು ಗ್ರಂಥಾಲಯ ಧನ್ಯವಾದ ತಿಳಿಸಿ, ಅದನ್ನು ಬಡಗಿ ಕೆಲಸದ ಪುಸ್ತಕಗಳ ಕಪಾಟಿಗೆ ಸೇರಿಸಿರುವುದಾಗಿ ಬರೆದಿತ್ತು.

ತೊಕುಮಾತ್ಸು ಅಜ್ಜನಿಗೂ ಒಂದು ಪ್ರತಿ ಹೋಗಿತ್ತು. ಎರಡು ತಿಂಗಳ ಮೇಲೆ ಅವನ ಕಾರ್ಡು ಬಂತು. ಶಿಗೆ ನನ್ನನ್ನು ಮನೆಗೆ ಕರೆದು, ಚಹಾ ಕೂಡ ಕೊಡದೆ ಅದನ್ನು ಮುಂದೆ ಹಿಡಿದಳು.

'ಪುಸ್ತಕ ಸಿಕ್ಕಿತು. ಹೆಂಡತಿ ಓದಿ ಹೇಳಿದಳು. ನನ್ನ ವಿಷಯ ಸರಿಯಿದೆ. ಪಟ್ಟೆಯ ಅಚ್ಚುಗಳಿಗೆ ನೂಲು ಹಾಕಿದವಳು ನನ್ನ ಹೆಂಡತಿ ಎಂದು ಬರೆದಿದ್ದೀರಿ. ಅದು ತಪ್ಪು. ಅವಳಿಗೆ ಆ ಕೆಲಸ ಬರುವುದಿಲ್ಲ. ಹಾಕಿದವಳು ಮೂಲೆಮನೆಯ ಒಮಿತ್ಸು. ಅವಳ ಹೆಸರು ಎಲ್ಲೂ ಇಲ್ಲವಲ್ಲ?'

ಪಟ್ಟೆಯ ಅಚ್ಚು ಕೊರೆದರೆ ಕಾಗದ ಎಳೆ ಎಳೆಯಾಗಿ ಜೋತು ಬೀಳುತ್ತದೆ. ಎರಡು ಪದರಗಳ ನಡುವೆ ರೇಷ್ಮೆ ನೂಲು ಹಾಯಿಸಿ, ಕೂದಲೆಳೆಯಷ್ಟೂ ಸರಿಯದ ಹಾಗೆ ಮತ್ತೆ ಅಂಟಿಸಬೇಕು. ಹೆಂಗಸರು ಮಾಡುತ್ತಿದ್ದ ಕೆಲಸ. ಶಿಗೆಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ಶಿರೊಕೊದಲ್ಲಿ ಆ ದಿನ ಅವಳು ಕೇಳಿರಲಿಲ್ಲ. ಹೆಂಡತಿಯೇ ಇರಬೇಕೆಂದು ಊಹಿಸಿ ಬರೆದಿದ್ದಳು.

"ನಾನೇ ಬಿಟ್ಟೆ ಕಣೇ" ಎಂದಳು. "ತನಿಮುರಾ ಮೇಷ್ಟ್ರಾದ್ರೂ ಗೊತ್ತಿದ್ದು ಬಿಟ್ರು. ನಾನು ಕೇಳದೇನೇ ಬಿಟ್ಟೆ."

ಮರುದಿನವೇ ಹೊರಟಳು, ಜತೆಗೆ ನಾನು. ಮೂಲೆಮನೆ ಇದ್ದ ಕಡೆ ಈಗ ಸೈಕಲ್ ನಿಲ್ಲಿಸುವ ಚಪ್ಪರ. ಹದಿನೆಂಟು ವರ್ಷ ಒಮಿತ್ಸುವೇ ನೂಲು ಹಾಕಿದ್ದು, 1959ರ ಚಂಡಮಾರುತದಲ್ಲಿ ಮನೆ ಹೋಯಿತು, ಅವಳು ಮಗಳ ಜತೆ ನಗೊಯಾಕ್ಕೆ ಹೋದಳು ಎಂದ ತೊಕುಮಾತ್ಸು.

"ಅವಳ ಮನೆಹೆಸರು?"

"ಮೂಲೆಮನೆ ಒಮಿತ್ಸು ಅಂತಿದ್ವಿ."

"ಅದು ಮನೆ ಇದ್ದ ಜಾಗ ಅಜ್ಜಾ! ಹದಿನೆಂಟು ವರ್ಷ ನಿಮ್ಮ ಅಚ್ಚಿಗೆ ನೂಲು ಹಾಕಿದೋಳ ಮನೆಹೆಸರು ನಿಮಗೆ ಗೊತ್ತಿಲ್ವಾ?"

ಈ ಸಲ ಅಜ್ಜ ನಗಲಿಲ್ಲ. "ಯಾರೂ ಆ ಹೆಸರಿಂದ ಕರೀಲಿಲ್ಲ. ಎರಡು ಸಲ ಮದುವೆಯಾಗಿದ್ಲು. ಯಾವ ಹೆಸರು ಇಟ್ಕೊಂಡಿದ್ಲೋ."

ಊರ ಕಚೇರಿಯಲ್ಲಿ ಹಳೆಯ ಕಡತಗಳು ಅದೇ ಚಂಡಮಾರುತದಲ್ಲಿ ನೆನೆದುಹೋಗಿದ್ದವು. ನಗೊಯಾದ ಹದಿನಾರು ವಾರ್ಡ್ ಕಚೇರಿಗಳಿಗೂ ಶಿಗೆ ಬರೆದಳು. ಹನ್ನೊಂದು ಕಡೆಯಿಂದ ಉತ್ತರ ಬಂತು; ಎಲ್ಲದರಲ್ಲೂ ಒಂದೇ ಮಾತು, ಮನೆಹೆಸರು ತಿಳಿಸಿದರೆ ಹುಡುಕಬಹುದು. "ಮನೆಹೆಸರು ಗೊತ್ತಿದ್ರೆ ನಿಮ್ಮನ್ನ ಯಾಕಯ್ಯಾ ಕೇಳ್ತಿದ್ದೆ" ಎಂದು ಆ ಕಾಗದಗಳಿಗೇ ಬಯ್ದಳು.

ಉಳಿದಿದ್ದ ಎಪ್ಪತ್ತು ಪ್ರತಿಗಳನ್ನು ಮೇಜಿನ ಮೇಲೆ ಪೇರಿಸಿ ಇಬ್ಬರೂ ತಿದ್ದಲು ಕೂತೆವು. ಹೆಂಡತಿ ಎಂಬಲ್ಲಿ ಗೆರೆ ಎಳೆದು ಪಕ್ಕದಲ್ಲಿ ಒಮಿತ್ಸು ಎಂದು ಬರೆಯುವುದು. ಮನೆಹೆಸರಿನ ಜಾಗದಲ್ಲಿ 'ತಿಳಿಯದು' ಎಂದು ಬರೆಯೋಣ ಎಂದೆ ನಾನು.

"ಬೇಡ. ಹಾಗೆ ಬರೆದುಬಿಟ್ರೆ ಹುಡುಕೋ ಕೆಲಸ ಮುಗೀತು ಅಂತಾಗುತ್ತೆ. ಖಾಲಿ ಬಿಡು."

"ಖಾಲಿ ಬಿಟ್ರೆ ಮರೆತುಹೋಗಿದೆ ಅಂತಾರೆ."

"ಅನ್ನಲಿ. ಯಾರಾದ್ರೂ ದೂರು ಬರೀಲಿ."

ಯಾರೂ ಬರೆಯಲಿಲ್ಲ. 1984ರ ಫೆಬ್ರವರಿಯಲ್ಲಿ ಶಿಗೆ ನ್ಯುಮೋನಿಯಾದಿಂದ ತೀರಿಕೊಂಡಳು. ತಿದ್ದಿದ ಪ್ರತಿಗಳಲ್ಲಿ ಮೂವತ್ತೊಂದು ನನ್ನ ಮನೆಯಲ್ಲಿವೆ. ನಗೊಯಾಕ್ಕೆ ಹೋದಾಗಲೆಲ್ಲ ನಾನು ಹಳೆ ಬಣ್ಣದಂಗಡಿಗಳಲ್ಲಿ ಕೇಳುತ್ತೇನೆ, ಶಿರೊಕೊದಿಂದ ಬಂದ ಒಮಿತ್ಸು ಎಂಬ ಹೆಂಗಸು ಗೊತ್ತೇ ಎಂದು. ಮನೆಹೆಸರೇನು ಎಂದು ಅವರು ಕೇಳುತ್ತಾರೆ.